ಇನ್ನೊಬ್ಬರ ಪರವಾಗಿ

ಪರೀಕ್ಷೆಗಳು ಮುಗಿಯುತ್ತ ಬಂದ ಹಾಗೆ ನಮ್ಮಂಥ ಅಧ್ಯಾಪಕರಿಗೆ ಸಂಬಳವಿಲ್ಲದ ಇನ್ನೊಂದು ಉದ್ಯೋಗ ಒದಗಿಬರುತ್ತದೆ. ಅದು ಬುದ್ಧಿ ಹೇಳುವ ಉದ್ಯೋಗ. ಮೂರು ವರ್ಷ ಹಳಗನ್ನಡಕ್ಕೆ ಹೆದರಿ ಹಿಂದಿನ ಬೆಂಚಿನಲ್ಲಿ ಅಡಗಿ ಕುಳಿತಿದ್ದವರೂ ಈಗ ಧೈರ್ಯ ತಂದುಕೊಂಡು ಬಂದು, ‘ಮುಂದೇನು ಮಾಡಲಿ, ಸಾರ್?’ ಎಂದು ಕೇಳುತ್ತಾರೆ. ಕೇಳುವವರು ಉತ್ತರವನ್ನು ಮೊದಲೇ ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿರುತ್ತಾರೆ. ಅದರ ಮೇಲೆ ನಮ್ಮದೊಂದು ಮುದ್ರೆ ಬಿದ್ದರೆ ಅವರಿಗೆ ಸಾಕು. ಹೇಳುವ ನಮಗೂ ಇದು ಗೊತ್ತಿರುವುದರಿಂದ ಸಾಮಾನ್ಯವಾಗಿ ಯಾರಿಗೂ ತೊಂದರೆಯಾಗುವುದಿಲ್ಲ.

ಈ ವರ್ಷ ಹಾಗಾಗಲಿಲ್ಲ. ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ನಮ್ಮ ವಿಭಾಗದ ಬಾಗಿಲಲ್ಲಿ ಬಂದು ನಿಂತಳು. ತಂದೆ ಹೊಲಿಗೆಯ ಕೆಲಸದವರು. ತರಗತಿಯಲ್ಲಿ ಹೆಚ್ಚು ಮಾತನಾಡುವ ಹುಡುಗಿಯಲ್ಲ. ಆದರೆ ಬರೆಯುವ ಕನ್ನಡ ಅಚ್ಚುಕಟ್ಟು, ಹೇಳಬೇಕಾದದ್ದನ್ನು ಸುತ್ತುಬಳಸಿಲ್ಲದೆ ಹೇಳುತ್ತಾಳೆ. ಅವಳ ಬೀದಿಯಲ್ಲಿ ಯಾರ ಪಿಂಚಣಿ ನಿಂತುಹೋದರೂ, ಯಾರ ಪಡಿತರ ಚೀಟಿಯಲ್ಲಿ ಹೆಸರು ತಪ್ಪಾಗಿ ಬಿದ್ದರೂ ಅರ್ಜಿ ಬರೆದುಕೊಡುವವಳು ಅವಳೇ ಎಂಬ ಸಂಗತಿ ನನಗೆ ಆಮೇಲೆ ತಿಳಿಯಿತು.

‘ಸಾರ್, ಮನೆಯಲ್ಲಿ ಬಿ.ಎಡ್. ಮಾಡು ಅಂತಾರೆ. ನನಗೆ ಲಾ ಓದಬೇಕು ಅಂತ ಆಸೆ. ಅದು ಸುಳ್ಳಿನ ಕಸುಬು ಅಂತಾರೆ ನಮ್ಮಪ್ಪ. ಹೌದಾ, ಸಾರ್?’

ಮಾತಿನ ಮೊದಲ ಭಾಗಕ್ಕೆ ಉತ್ತರ ಹೇಳುವುದು ಕಷ್ಟವಾಗಿರಲಿಲ್ಲ. ಅದು ಲೆಕ್ಕಾಚಾರದ ವಿಷಯ. ಪಿ.ಯು.ಸಿ. ಮುಗಿಸಿ ನೇರವಾಗಿ ಸೇರುವವರಿಗೆ ಐದು ವರ್ಷದ ವ್ಯಾಸಂಗ. ಪದವಿ ಪಡೆದು ಬರುವವರಿಗೆ ಮೂರು ವರ್ಷದ್ದು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ 1980ರ ದಶಕದ ಕೊನೆಯಲ್ಲಿ ಐದು ವರ್ಷದ ಪದ್ಧತಿಗೆ ಮೇಲ್ಪಂಕ್ತಿ ಹಾಕಿಕೊಟ್ಟಿತು. ಅಂಥ ಶಾಲೆಗಳಿಂದ ಹೊರಬರುವವರಲ್ಲಿ ಅನೇಕರು ದೊಡ್ಡ ಕಂಪನಿಗಳ ಕರಾರುಪತ್ರಗಳನ್ನು ಬರೆಯುವುದರಲ್ಲಿ ತೊಡಗಿ, ನ್ಯಾಯಾಲಯದ ಮೆಟ್ಟಿಲು ಹತ್ತದೆಯೇ ಚೆನ್ನಾಗಿ ಸಂಪಾದಿಸುತ್ತಾರೆ. ನಮ್ಮ ಹುಡುಗಿಯ ದಾರಿ ಬೇರೆ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಒಂದು ಕಾಲೇಜಿನಲ್ಲಿ ಮೂರು ವರ್ಷ ಓದಬೇಕು. ಆಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. 1961ರ ವಕೀಲರ ಕಾಯಿದೆಯಂತೆ ಸಾಮಾನ್ಯರಿಂದ 750 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ತೆಗೆದುಕೊಳ್ಳಕೂಡದೆಂದು ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ಹೇಳಿತು. ಬಡವರ ಮಕ್ಕಳಿಗೆ ಅದೊಂದು ಉಪಕಾರ. ಅನಂತರ ಅಖಿಲ ಭಾರತ ಮಟ್ಟದ ವಕೀಲರ ಪರೀಕ್ಷೆ. ಅದೂ ಆದ ಮೇಲೆ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ ಕಡತ ಹೊತ್ತುಕೊಂಡು ತಿರುಗುವ ಕೆಲವು ವರ್ಷಗಳು. ಕಿರಿಯರಿಗೆ ತಿಂಗಳಿಗೆ ಪಟ್ಟಣದಲ್ಲಿ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಯಾದರೂ ಕೊಡಿರೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಸಲಹೆ ಮಾಡಿತು. ಸಲಹೆಗೂ ಸಂಬಳಕ್ಕೂ ಇರುವ ದೂರ ಎಷ್ಟೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ನ್ಯಾಯಾಧೀಶೆಯಾಗುವ ಆಸೆಯಿದ್ದರೂ ಆತುರ ಪಡುವಂತಿಲ್ಲ; ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ ಕೂರುವ ಮೊದಲು ಮೂರು ವರ್ಷ ವಕೀಲಿ ಮಾಡಿರಬೇಕೆಂದು ಅದೇ ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು.

ಅಂದರೆ, ಸೇರಿದ ದಿನದಿಂದ ಸ್ವಂತ ಅನ್ನ ತಿನ್ನುವ ದಿನದವರೆಗೆ ಆರೇಳು ವರ್ಷ. ಬಿ.ಎಡ್. ಆದರೆ ಇದಕ್ಕಿಂತ ಬೇಗ ದಡ ಸೇರಬಹುದು. ಇಷ್ಟನ್ನು ಹೇಳಿ, ‘ತಂದೆಯವರೊಡನೆ ಕುಳಿತು ವಿಚಾರ ಮಾಡು’ ಎಂದು ಕಳುಹಿಸಿಬಿಡಬಹುದಾಗಿತ್ತು. ಆದರೆ ಹುಡುಗಿ ಕದಲಲಿಲ್ಲ. ಅವಳು ಕೇಳಿದ್ದು ಲೆಕ್ಕವನ್ನಲ್ಲ. ‘ಸುಳ್ಳಿನ ಕಸುಬು ಹೌದಾ?’ ಎಂಬುದಕ್ಕೆ ಉತ್ತರ ಬೇಕಾಗಿತ್ತು.

ಹೊಲಿಗೆಯ ಆ ಮನುಷ್ಯರು ಹೊಸ ಮಾತನ್ನೇನೂ ಆಡಿಲ್ಲ. ಕೋರ್ಟಿನಲ್ಲಿ ಗೆದ್ದವ ಸೋತ, ಸೋತವ ಸತ್ತ ಎಂಬ ಗಾದೆ ಕಟ್ಟಿದ ನಾಡು ನಮ್ಮದು. ವಕೀಲರೆಂದರೆ ಇಲ್ಲದ್ದನ್ನು ಇದೆಯೆಂದೂ ಇರುವುದನ್ನು ಇಲ್ಲವೆಂದೂ ಸಾಧಿಸುವವರು ಎಂಬ ಭಾವನೆ ಊರಿನ ಜಗಲಿಯಿಂದ ಹಿಡಿದು ಚಲನಚಿತ್ರದವರೆಗೆ ಹಬ್ಬಿದೆ. ತಾನು ಅಪರಾಧಿಯೆಂದು ಬಲ್ಲವನ ಪರವಾಗಿ ನಿಂತು ವಾದಿಸುವವನು ಪ್ರಾಮಾಣಿಕನಾಗಿರುವುದು ಸಾಧ್ಯವೆ? ಹಣಕ್ಕಾಗಿ ನಾಲಗೆಯನ್ನು ಬಾಡಿಗೆಗೆ ಕೊಟ್ಟವನಿಗೆ ತನ್ನದೆಂಬ ನಾಲಗೆ ಉಳಿಯುತ್ತದೆಯೆ? ಪ್ರಶ್ನೆ ಹಳೆಯದೆಂದ ಮಾತ್ರಕ್ಕೆ ಹಗುರವಾಗುವುದಿಲ್ಲ.

ಇದಕ್ಕೆ ನಾನು ನನ್ನ ಕಸುಬಿನಿಂದಲೇ ಉತ್ತರ ಹೇಳಲು ಹೊರಟೆ. ಪ್ರತಿವರ್ಷವೂ ನಾನು ತರಗತಿಯಲ್ಲಿ ದುರ್ಯೋಧನನ ಪರವಾಗಿ ವಾದಿಸುತ್ತೇನೆ. ರನ್ನನ ಗದಾಯುದ್ಧದಲ್ಲಿ ನಾಯಕ ಭೀಮ. ಆದರೆ ತಮ್ಮಂದಿರನ್ನೂ ಮಗನನ್ನೂ ಗೆಳೆಯನನ್ನೂ ಕಳೆದುಕೊಂಡು ಹೆಣಗಳ ನಡುವೆ ನಡೆಯುವ ಆ ಮನುಷ್ಯನ ಬಗೆಗೆ ಕವಿಗೇ ಕನಿಕರ ಹುಟ್ಟಿರುವಾಗ, ಪಾಠ ಹೇಳುವ ನಾನು ಅವನ ಕಡೆಯ ಮಾತನ್ನು ಹೇಳದಿದ್ದರೆ ಪಾಠ ಪೂರ್ತಿಯಾಗುವುದಿಲ್ಲ. ಅವನು ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಅವನ ಕಡೆಯಿಂದ ಹೇಳಬಹುದಾದದ್ದೆಲ್ಲವನ್ನೂ ಕೇಳಿದ ಮೇಲೆ ನೀವು ತೀರ್ಮಾನ ಮಾಡಿರೆಂದು ಹೇಳುತ್ತೇನೆ. ಇದು ಸುಳ್ಳಾದೀತೆ? ಆಗುವುದಿಲ್ಲ; ಒಂದು ಪಕ್ಷವನ್ನು ಮಂಡಿಸುವುದು ಬೇರೆ, ಸುಳ್ಳು ಹೇಳುವುದು ಬೇರೆ. ವಕೀಲ ಕಟಕಟೆಯಲ್ಲಿ ನಿಂತ ಸಾಕ್ಷಿಯಲ್ಲ, ಪೀಠದ ಮೇಲೆ ಕುಳಿತ ನ್ಯಾಯಾಧೀಶನೂ ಅಲ್ಲ. ‘ಇವನು ನಿರಪರಾಧಿಯೆಂಬುದನ್ನು ನಾನು ಬಲ್ಲೆ’ ಎಂದು ಅವನು ಪ್ರಮಾಣ ಮಾಡುವುದಿಲ್ಲ. ‘ಇವನು ಅಪರಾಧಿಯೆಂಬುದನ್ನು ನೀವು ಇನ್ನೂ ತೋರಿಸಿಕೊಟ್ಟಿಲ್ಲ’ ಎನ್ನುತ್ತಾನೆ. ಎರಡಕ್ಕೂ ಅಜಗಜಾಂತರ.

ಕಾಯಿದೆಯೂ ಈ ಭೇದವನ್ನು ಒಪ್ಪಿದೆ. ಬಂಧನಕ್ಕೊಳಗಾದವನಿಗೆ ತನಗೆ ಬೇಕಾದ ವಕೀಲರಿಂದ ರಕ್ಷಣೆ ಪಡೆಯುವ ಹಕ್ಕನ್ನು ಸಂವಿಧಾನದ 22ನೆಯ ವಿಧಿ ಕೊಟ್ಟಿದೆ. ಆರೋಪಿಯ ತಪ್ಪಿನ ಬಗ್ಗೆ ತನ್ನ ಸ್ವಂತ ಅಭಿಪ್ರಾಯವೇನೇ ಇದ್ದರೂ ಅವನ ಪರ ವಾದಿಸುವುದು ವಕೀಲನ ಕರ್ತವ್ಯವೆಂದು ವಕೀಲರ ಪರಿಷತ್ತಿನ ನಿಯಮಗಳು ಹೇಳುತ್ತವೆ. ಇಂಥ ಆರೋಪಿಯ ಪರವಾಗಿ ಯಾರೂ ನಿಲ್ಲಕೂಡದೆಂದು ವಕೀಲರ ಸಂಘಗಳು ನಿರ್ಣಯ ಮಾಡುವುದು ವೃತ್ತಿಧರ್ಮಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ಸ್ಪಷ್ಟವಾಗಿ ಹೇಳಿತು. ಅದೇ ನಿಯಮಗಳಲ್ಲಿ ಇನ್ನೊಂದು ಮಗ್ಗುಲೂ ಇದೆ. ಆರೋಪಿಯ ನಿರಪರಾಧವನ್ನು ತೋರಿಸಬಲ್ಲ ಸಂಗತಿಯನ್ನು ಸರ್ಕಾರದ ಕಡೆಯ ವಕೀಲ ಬಚ್ಚಿಡಕೂಡದು. ಗೆದ್ದರೆ ಇಷ್ಟು ಎಂದು ಗೆಲುವಿನ ಮೇಲೆ ಪಂದ್ಯ ಕಟ್ಟಿದ ಹಾಗೆ ಫೀಜು ಗೊತ್ತುಮಾಡಕೂಡದು. ಜಗಳಕ್ಕೆ ಗಾಳಿ ಹಾಕಕೂಡದು. 2024ರ ಜುಲೈ ಒಂದರಿಂದ 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಪುಸ್ತಕ ಬದಲಾಯಿತು, ಕಟಕಟೆಯಲ್ಲಿ ನಿಂತವನ ಗಂಟಲು ಒಣಗುವುದು ಬದಲಾಗಲಿಲ್ಲ. ಆ ಗಂಟಲಿಗೆ ಬದಲಾಗಿ ಇನ್ನೊಂದು ಗಂಟಲು ಬೇಕೇ ಬೇಕು.

‘ಹಾಗಾದರೆ ಸುಳ್ಳು ಎಲ್ಲೂ ಇಲ್ಲವಾ, ಸಾರ್?’

ಇದೆ ಎಂದೆ. ಆದರೆ ಜನ ಹುಡುಕುವ ಕಡೆ ಇಲ್ಲ. ಕೊಲೆಯ ಮೊಕದ್ದಮೆಯಲ್ಲಿ ವಕೀಲನ ಆತ್ಮಸಾಕ್ಷಿ ಎಚ್ಚರವಾಗಿಯೇ ಇರುತ್ತದೆ. ಎಲ್ಲರ ಕಣ್ಣೂ ಅವನ ಮೇಲಿರುತ್ತದೆ. ಅದು ನಿದ್ದೆಹೋಗುವುದು ಸಣ್ಣ ಮಾತುಗಳಲ್ಲಿ. ‘ಈ ತಿಂಗಳು ಬೇಡ, ಮುಂದಿನ ತಿಂಗಳು ಬನ್ನಿ’ ಎಂಬ ಮಾತಿನಲ್ಲಿ. ‘ನಿಮ್ಮ ಕಡೆ ನ್ಯಾಯ ಗಟ್ಟಿಯಾಗಿದೆ, ಬಿಡಬೇಡಿ’ ಎಂಬ ಮಾತಿನಲ್ಲಿ. ವಾಯಿದೆಯೆಂಬುದು ಕಿವಿಗೆ ಎಷ್ಟು ನಿರಪಾಯವಾದ ಶಬ್ದ! ಒಂದು ದಾವೆಯ ವಿಚಾರಣೆಯಲ್ಲಿ ಒಂದು ಪಕ್ಷಕ್ಕೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಕೂಡದೆಂಬ ನಿಯಮ ಸಿವಿಲ್ ಪ್ರಕ್ರಿಯಾ ಸಂಹಿತೆಯೊಳಗೆ 2002ರಿಂದ ಇದೆ. ದೇಶದ ಜಿಲ್ಲಾ ಮತ್ತು ಅಧೀನ ನ್ಯಾಯಾಲಯಗಳಲ್ಲಿ ನಾಲ್ಕು ಕೋಟಿಗೂ ಹೆಚ್ಚು ಪ್ರಕರಣಗಳು ತೀರ್ಮಾನಕ್ಕೆ ಕಾದು ಕುಳಿತಿರುವುದೂ ಇದೆ. ಇದಕ್ಕೆಲ್ಲ ವಕೀಲರೇ ಕಾರಣರೆನ್ನುವುದು ಅನ್ಯಾಯ. ನ್ಯಾಯಾಧೀಶರ ಕೊರತೆಯುಂಟು, ಸರ್ಕಾರವೇ ದೊಡ್ಡ ವ್ಯಾಜ್ಯಗಾರನಾಗಿರುವುದುಂಟು. ಆದರೆ ಆ ರಾಶಿಯಲ್ಲಿ ಎಷ್ಟು ಕಡತಗಳು ಒಬ್ಬರು ಒಂದು ನಿಜವನ್ನು ಸಕಾಲದಲ್ಲಿ ಹೇಳದೆಹೋದದ್ದರಿಂದ ಹುಟ್ಟಿದುವೋ ಹೇಳುವವರಾರು?

ಇಲ್ಲಿ ನಾನು ಅವಳಿಗೆ ನಮ್ಮ ಮನೆಯ ಕತೆಯನ್ನು ಹೇಳಿದೆ. ಓದುಗರಿಗೂ ಹೇಳಬೇಕಾಗಿದೆ.

ನಮ್ಮದು ತೆಂಗಿನ ಸೀಮೆ. ತಾತ 1984ರಲ್ಲಿ ತೀರಿಕೊಂಡರು. ಮೂರೂಕಾಲು ಎಕರೆ ತೋಟ, ಒಂದು ಬಾವಿ, ನಮ್ಮ ತಂದೆ ಮತ್ತು ಚಿಕ್ಕಪ್ಪ. ಬಾವಿ ಯಾರ ಪಾಲಿಗೆ ಎಂಬಲ್ಲಿಗೆ ಮಾತು ನಿಂತಿತು. ಆಮೇಲೆ ಅಣ್ಣತಮ್ಮಂದಿರ ನಡುವೆ ಮಾತೇ ನಿಂತಿತು. ತಂದೆ ತಾಲ್ಲೂಕಿನ ಹಿರಿಯ ವಕೀಲರೊಬ್ಬರಲ್ಲಿಗೆ ಹೋದರು. ಅವರು ಪಹಣಿ, ಹಳೆಯ ಪತ್ರ ಎಲ್ಲವನ್ನೂ ನೋಡಿ, ‘ಕಾಯಿದೆ ನಿಮ್ಮ ಕಡೆಗಿದೆ. ಆದರೆ ದಾವೆ ಹಾಕಬೇಡಿ. ಬಾವಿ ನೀವಿಟ್ಟುಕೊಂಡು ತಮ್ಮನಿಗೆ ಎಂಟು ಗುಂಟೆ ಹೆಚ್ಚಾಗಿ ಬಿಟ್ಟುಕೊಡಿ. ನಾನು ಅವನನ್ನೂ ಕರೆಸಿ ಮಾತಾಡುತ್ತೇನೆ. ನನಗೆ ಫೀಜು ಬೇಡ’ ಎಂದರಂತೆ. ನಮ್ಮ ತಂದೆಗೆ ಅದು ಹೇಡಿಯ ಮಾತಾಗಿ ಕಂಡಿತು. ಮರುವಾರವೇ ಬೇರೆ ವಕೀಲರಿಗೆ ವಕಾಲತ್ತು ಕೊಟ್ಟರು. 1988ರಲ್ಲಿ ದಾವೆ ದಾಖಲಾಯಿತು. ಆಗ ನಾನು ಎರಡನೆಯ ತರಗತಿ. ಬೇಸಗೆಯ ರಜೆಗೆ ಮುಂಚೆ ಕೆಲವು ಸಲ ತಂದೆ ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಕೋರ್ಟಿನ ಮುಂದಿನ ಹೊಂಗೆಯ ಮರದ ಕೆಳಗೆ ಕಾದು ಕುಳಿತು, ಬೆಂಚಿನ ಗುಮಾಸ್ತೆ ಕೂಗುವ ಹೆಸರುಗಳಲ್ಲಿ ನಮ್ಮ ಹೆಸರನ್ನು ಹಿಡಿಯುವುದು ನನಗೊಂದು ಆಟವಾಗಿತ್ತು. ಹೆಸರು ಕೂಗಿದ ಎರಡು ನಿಮಿಷಕ್ಕೆ ತಂದೆ ಹೊರಗೆ ಬರುತ್ತಿದ್ದರು. ‘ವಾಯಿದೆ’ ಎನ್ನುತ್ತಿದ್ದರು. ನಾವು ಹೋಟೆಲಿನಲ್ಲಿ ದೋಸೆ ತಿಂದು ಬಸ್ಸು ಹತ್ತುತ್ತಿದ್ದೆವು.

ಪ್ರಾಥಮಿಕ ತೀರ್ಪು, ಅದರ ಮೇಲೆ ಅಪೀಲು, ಅಂತಿಮ ಡಿಕ್ರಿಯ ವಿಚಾರಣೆ, ಕಮಿಷನರು ಬಂದು ಅಳೆದದ್ದು, ಆ ಅಳತೆಗೆ ತಕರಾರು, ಹೀಗೆ 19 ವರ್ಷ. ನಡುವೆ ಚಿಕ್ಕಪ್ಪ ತೀರಿಕೊಂಡರು. ಎದುರುಪಕ್ಷದ ಕಡೆ ಅವರ ಮಕ್ಕಳ ಹೆಸರು ಬಂತು. ಅಣ್ಣನಾದವರು ತಮ್ಮನ ಮುಖವನ್ನು ಕೊನೆಗೆ ನೋಡಿದ್ದೂ ಕೋರ್ಟಿನ ಆವರಣದಲ್ಲಿಯೇ. 2007ರಲ್ಲಿ ನಮ್ಮ ತಂದೆ ಗೆದ್ದರು. ಬಾವಿ ನಮ್ಮ ಪಾಲಿಗೆ ಬಂತು. ಅಷ್ಟು ಹೊತ್ತಿಗೆ ಸುತ್ತಮುತ್ತ ಕೊಳವೆ ಬಾವಿಗಳಾಗಿ ಅದರಲ್ಲಿ ನೀರು ಬತ್ತಿ ಹತ್ತು ವರ್ಷವಾಗಿತ್ತು.

ದಾವೆ ನಡೆಸಿದ ವಕೀಲರು ನಮಗೆ ಒಂದೇ ಒಂದು ಸುಳ್ಳನ್ನೂ ಹೇಳಿದವರಲ್ಲ. ನ್ಯಾಯಾಲಯಕ್ಕೂ ಹೇಳಿದವರಲ್ಲ. ಅವರು ನಡೆಸಿಕೊಟ್ಟದ್ದು ಕಾಯಿದೆಬದ್ಧವಾದ ಕೆಲಸ, ಕೊನೆಗೆ ಗೆಲ್ಲಿಸಿಯೂ ಕೊಟ್ಟರು. ಆದರೂ ಅಷ್ಟು ವರ್ಷಗಳಲ್ಲಿ ನಿಜವನ್ನು ಹೇಳಿದವರು ಫೀಜು ಬೇಡವೆಂದ ಆ ಮೊದಲಿನವರೊಬ್ಬರೇ. ಗಾಂಧೀಜಿಯವರಿಗೂ ಇಂಥ ಅನುಭವವಾಗಿತ್ತು. 1893ರಲ್ಲಿ ಅವರು ದಕ್ಷಿಣ ಆಫ್ರಿಕಕ್ಕೆ ಹೋದದ್ದು ದಾದಾ ಅಬ್ದುಲ್ಲಾ ಎಂಬ ವರ್ತಕರ ದಾವೆಗಾಗಿ. 40,000 ಪೌಂಡಿನ ವ್ಯಾಜ್ಯ. ವಾದಿ ಪ್ರತಿವಾದಿಗಳು ಒಂದೇ ಊರಿನವರು, ಬಂಧುಗಳು. ಇಬ್ಬರೂ ಹಾಳಾಗುತ್ತಾರೆಂಬುದನ್ನು ಕಂಡು ಗಾಂಧೀಜಿ ಪಂಚಾಯಿತಿಗೆ ಒಪ್ಪಿಸಿದರು. ಗೆದ್ದ ಕಕ್ಷಿಗಾರನನ್ನು ಮತ್ತೆ ಒಪ್ಪಿಸಿ, ಸೋತವನು ದಿವಾಳಿಯಾಗದಂತೆ ಕಂತುಗಳಲ್ಲಿ ಹಣ ತೀರಿಸುವ ಏರ್ಪಾಟು ಮಾಡಿಸಿದರು. ಒಡೆದವರನ್ನು ಕೂಡಿಸುವುದೇ ವಕೀಲಿಯ ನಿಜವಾದ ಕೆಲಸವೆಂದು ತಾವು ಅಂದು ಕಲಿತುದಾಗಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ಮುಂಬಯಿಯಲ್ಲಿ ಮೊದಲನೆಯ ಪ್ರಕರಣಕ್ಕೆ ಎದ್ದು ನಿಂತಾಗ ಪಾಟೀಸವಾಲು ಮಾಡಲು ಬಾಯೇ ಬರದೆ ಮೂವತ್ತು ರೂಪಾಯಿ ಫೀಜನ್ನು ಹಿಂದಕ್ಕೆ ಕೊಟ್ಟು ಹೊರಟುಹೋದವರು ಅವರೇ. ಮಾತು ಕಡಿಮೆಯೆಂಬ ಕಾರಣಕ್ಕೆ ನೀನು ಹೆದರಬೇಕಾಗಿಲ್ಲ ಎಂದು ಹುಡುಗಿಗೆ ಸೇರಿಸಿ ಹೇಳಿದೆ.

ನನ್ನ ಉಪನ್ಯಾಸ ಇಲ್ಲಿಗೆ ಮುಗಿಯಿತು. ಚೆನ್ನಾಗಿ ಹೇಳಿದೆನೆಂಬ ತೃಪ್ತಿಯೂ ಆಯಿತು. ವಕೀಲಿ ಸುಳ್ಳಿನ ಕಸುಬಲ್ಲ. ಬೇಡದ ದಾವೆಯನ್ನು ಬೇಡವೆನ್ನುವ ಎದೆಗಾರಿಕೆ ಇದ್ದರೆ ಅದು ಸತ್ಯದ ಕಸುಬೇ. ಇನ್ನೇನು ಬೇಕು?

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: ‘ನಿಮ್ಮ ತಾತನಿಗೆ ಹೆಣ್ಣುಮಕ್ಕಳು ಇರಲಿಲ್ಲವಾ, ಸಾರ್?’

ಇದ್ದರು. ನನ್ನ ಸೋದರತ್ತೆ. ಈಗಲೂ ಇದ್ದಾರೆ, ಎಪ್ಪತ್ತೆಂಟು ವರ್ಷ.

‘ಅವರ ಕಡೆ ವಕೀಲರು ಯಾರಿದ್ದರು?’

ನಾನು ಉತ್ತರ ಕೊಡಲಿಲ್ಲ, ಕೊಡುವುದಕ್ಕೆ ಇರಲಿಲ್ಲ. ಅವಳು ಕೆಣಕುವುದಕ್ಕಾಗಿ ಕೇಳಿದ್ದಲ್ಲ. ಬೀದಿಯವರಿಗೆ ಅರ್ಜಿ ಬರೆದು ಅಭ್ಯಾಸವಾದವಳು. ಕುಟುಂಬದ ಸದಸ್ಯರ ಹೆಸರು ಬರೆಯುವಾಗ ಯಾರಾದರೂ ಬಿಟ್ಟುಹೋದರೆ ಅವಳಿಗೆ ಕೂಡಲೇ ತಿಳಿಯುತ್ತದೆ.

ನಡೆದದ್ದು ಇಷ್ಟು. ದಾವೆಗೆ ಎರಡು ವರ್ಷ ಮುಂಚೆ, 1986ರಲ್ಲಿ, ಅಣ್ಣತಮ್ಮಂದಿರು ಇನ್ನೂ ಮಾತನಾಡುತ್ತಿದ್ದ ಕಾಲದಲ್ಲಿ, ಇಬ್ಬರೂ ಸೇರಿ ಅತ್ತೆಯನ್ನು ಗಂಡನ ಮನೆಯಿಂದ ಕರೆಸಿಕೊಂಡು ಉಪನೋಂದಣಿ ಕಚೇರಿಗೆ ಕರೆದುಕೊಂಡು ಹೋದರು. ಹಕ್ಕು ಬಿಡುಗಡೆ ಪತ್ರಕ್ಕೆ ಅತ್ತೆ ರುಜು ಹಾಕಿದರು. ಮನೆಗೆ ಬಂದ ಮೇಲೆ ಅವರಿಗೆ ಅರಿಶಿನ ಕುಂಕುಮ, ಒಂದು ಸೀರೆ, ಕುಪ್ಪಸದ ಕಣ. ನಮ್ಮ ಮನೆಯ ಕತೆಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಈ ಪ್ರಕರಣ ಅದರಲ್ಲಿ ಎಂದೂ ಬಂದಿರಲಿಲ್ಲ. ಮರೆಮಾಚಿದೆನೆಂದಲ್ಲ. ಅದು ವ್ಯಾಜ್ಯದ ಭಾಗವೆಂದೇ ನನಗೆ ತೋರಿರಲಿಲ್ಲ. ವ್ಯಾಜ್ಯವೆಂದರೆ ಜಗಳವಾಡಿದವರದು ತಾನೆ? ಅತ್ತೆ ಜಗಳವಾಡಿರಲಿಲ್ಲ.

ಕಾಯಿದೆ ಆಗಲೇ ಅವರನ್ನು ಪೂರ್ತಿಯಾಗಿ ಮರೆತಿರಲಿಲ್ಲ. ಹುಟ್ಟಿನಿಂದಲೇ ಗಂಡುಮಕ್ಕಳಿಗೆ ಮನೆತನದ ಆಸ್ತಿಯಲ್ಲಿ ಹಕ್ಕೆಂಬ ಮಿತಾಕ್ಷರ ಪದ್ಧತಿಯನ್ನು ನಾವು ಬಲ್ಲೆವು. ಆ ವ್ಯಾಖ್ಯಾನವನ್ನು ವಿಜ್ಞಾನೇಶ್ವರ ಬರೆದದ್ದು ನಮ್ಮ ನೆಲದಲ್ಲೇ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಭಾರತದ ಬಹುಭಾಗ ಎಂಟು ಒಂಬತ್ತು ಶತಮಾನ ಅದನ್ನು ಪ್ರಮಾಣವೆಂದು ಹಿಡಿಯಿತೆಂದು ನಾವು ಹೆಮ್ಮೆಪಡುವುದೂ ಉಂಟು. ಆದರೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ತಂದೆಯ ಸ್ವಂತ ಪಾಲಿನಲ್ಲಿ ಮಗಳಿಗೂ ಭಾಗ ಕೊಟ್ಟಿತು. ನಮ್ಮ ರಾಜ್ಯ 1994ರಲ್ಲಿ ಅವಿವಾಹಿತ ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಸಮಕ್ಕೆ ತಂದಿತು. 2005ರ ತಿದ್ದುಪಡಿ ದೇಶದ ಎಲ್ಲ ಹೆಣ್ಣುಮಕ್ಕಳಿಗೂ ಆ ಸಮಾನತೆಯನ್ನು ಕೊಟ್ಟಿತು. 1986ರಲ್ಲಿ ಅತ್ತೆಯ ಭಾಗ ಚಿಕ್ಕದು, ಆದರೆ ಇತ್ತು. ಇಲ್ಲದಿದ್ದರೆ ಬಿಡುಗಡೆ ಪತ್ರವೇಕೆ ಬೇಕಾಗುತ್ತಿತ್ತು?

ನಾನು ಇಷ್ಟು ಹೊಗಳಿದ ಹಿರಿಯ ವಕೀಲರ ರಾಜಿಯಲ್ಲಿ ಕೂಡ ಅತ್ತೆಯ ಹೆಸರಿರಲಿಲ್ಲ ಎಂಬುದು ಆಗ ಹೊಳೆಯಿತು. ಅವರು ಕಡತದಲ್ಲಿ ಬಿಡುಗಡೆ ಪತ್ರವನ್ನು ನೋಡಿದ್ದರು; ಸರಿಯಾಗಿದೆ ಎಂದು ಪಕ್ಕಕ್ಕಿಟ್ಟಿದ್ದರು. ನಿಜವನ್ನು ಹೇಳಿದವರು ಅವರೊಬ್ಬರೇ ಎಂದೆನಷ್ಟೆ. ಅವರು ಹೇಳಿದ ನಿಜವೂ ಎದುರಿಗೆ ಕುಳಿತವನಿಗೆ ಸಂಬಂಧಪಟ್ಟದ್ದು. ರಾಜಿಯೆಂಬುದು ಒಳ್ಳೆಯ ಮಾತು. ಆದರೆ ರಾಜಿ ನಡೆಯುವುದು ಜಗಳವಾಡಲು ಶಕ್ತಿಯಿರುವವರ ನಡುವೆ. ಜಗಳವಾಡಲು ಬಾರದವರನ್ನು, ಆಡಿದರೆ ತವರಿನ ಬಾಗಿಲು ಮುಚ್ಚೀತೆಂದು ಹೆದರಿದವರನ್ನು ಚಾಪೆಯ ಮೇಲೆ ಕರೆದು ಕೂರಿಸುವವರಾರು? ಜಗಳ ಬೇಡವೆನ್ನುವ ವಕೀಲ ದೊಡ್ಡವನೆಂಬುದು ನನ್ನ ಸಿದ್ಧಾಂತವಾಗಿತ್ತು. ಜಗಳ ಮಾಡಿದರೇ ನ್ಯಾಯ ಸಿಕ್ಕುವಂಥವರಿಗೆ ಆ ಸಿದ್ಧಾಂತದಲ್ಲಿ ಸ್ಥಳವಿರಲಿಲ್ಲ. ಅದರಿಂದ ಲಾಭ ಪಡೆದವನು ನಾನೇ ಆದ್ದರಿಂದ ಆ ಕೊರತೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ದ್ಯೂತಸಭೆಯ ಪ್ರಸಂಗವನ್ನು ನಾನು ಪಾಠ ಮಾಡುವಾಗಲೆಲ್ಲ ದ್ರೌಪದಿಯ ಪ್ರಶ್ನೆಯ ಸೂಕ್ಷ್ಮವನ್ನು ಕೊಂಡಾಡುತ್ತೇನೆ. ತನ್ನನ್ನೇ ಮೊದಲು ಸೋತುಕೊಂಡವನಿಗೆ ಹೆಂಡತಿಯನ್ನು ಒಡ್ಡುವ ಅಧಿಕಾರ ಎಲ್ಲಿಂದ ಬಂತೆಂದು ಕೇಳಿದಳು ಆಕೆ. ಅದು ಅಳುವಲ್ಲ, ಶುದ್ಧವಾದ ಕಾಯಿದೆಯ ಪ್ರಶ್ನೆ. ಸಭೆಯಲ್ಲಿ ಧರ್ಮ ತಿಳಿದವರಿಗೆ ಕೊರತೆಯಿರಲಿಲ್ಲ. ಭೀಷ್ಮನು ಧರ್ಮ ಸೂಕ್ಷ್ಮವೆಂದು ಹೇಳಿ ಕೈತೊಳೆದುಕೊಂಡ. ಎದ್ದು ನಿಂತು, ಈಕೆಯ ಪ್ರಶ್ನೆಗೆ ಉತ್ತರ ಕೊಡಿರೆಂದು ಕೇಳಿ, ಈಕೆ ಸೋತವಳಲ್ಲವೆಂದು ವಾದಿಸಿದವನು ವಿಕರ್ಣ; ಗೆದ್ದ ದುರ್ಯೋಧನನ ಸ್ವಂತ ತಮ್ಮ. ಈಕೆಯ ವಾದ ಗೆದ್ದರೆ ನಷ್ಟವಾಗುವುದು ಅವನದೇ ಮನೆಗೆ. ಕರ್ಣ ಅವನನ್ನು ಹುಡುಗನೆಂದು ಗದರಿಸಿ ಕೂರಿಸಿದ. ವಿಕರ್ಣನ ಮಾತಿನಿಂದ ಆ ದಿನ ಏನೂ ಆಗಲಿಲ್ಲ. ಆದರೂ ಆ ಸಭೆಯಲ್ಲಿ ವಕೀಲನೆಂಬ ಹೆಸರಿಗೆ ಯೋಗ್ಯನಾದವನು ಅವನೊಬ್ಬ. ಇದನ್ನು ಇಷ್ಟು ವರ್ಷ ಪಾಠ ಹೇಳಿದವನ ಮನೆಯ ಸಭೆಯಲ್ಲಿ ವಿಕರ್ಣನಿರಲಿಲ್ಲ.

ಮುಂದಿನ ಭಾನುವಾರ ನಾನು ಅತ್ತೆಯ ಮನೆಗೆ ಹೋದೆ. ಮಾತು ತೆಗೆಯಲು ಕಷ್ಟವಾಯಿತು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ‘ಆಗಿಹೋದದ್ದು ಬಿಡು. ನಿಮ್ಮಪ್ಪ ನನ್ನನ್ನ ಚೆನ್ನಾಗಿ ನೋಡಿಕೊಂಡ’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ಅವರೆಕಾಯಿ ಸುಲಿಯುತ್ತ, ‘ಆ ಕಾಗದದಲ್ಲಿ ಏನು ಬರೆದಿದೆ ಅಂತ ಒಬ್ಬರಾದರೂ ಓದಿ ಹೇಳಬಹುದಿತ್ತು ಕಣೋ. ರುಜು ಹಾಕು ಅಂದರು, ಹಾಕಿದೆ’ ಎಂದರು. ಪತ್ರ ಇದ್ದದ್ದು ಕನ್ನಡದಲ್ಲಿಯೇ. ಅತ್ತೆಗೆ ರುಜು ಹಾಕುವಷ್ಟು ಅಕ್ಷರ ಬರುತ್ತಿತ್ತು. ಬಿಕ್ಕಲಂ, ಖರೀದಿ, ಬಾಧ್ಯತೆ ಎಂಬ ಪತ್ರದ ಭಾಷೆ ಬರುತ್ತಿರಲಿಲ್ಲ. ಓದಿ ಹೇಳಿದ್ದರೂ ಅವರು ರುಜು ಹಾಕುತ್ತಿದ್ದರೋ ಏನೋ. ಆದರೆ ಆಗ ಅದು ಅವರು ಕೊಟ್ಟದ್ದಾಗುತ್ತಿತ್ತು. ಈಗ ಅದು ನಾವು ತೆಗೆದುಕೊಂಡದ್ದಾಗಿದೆ.

ತೋಟ ಇಂದು ನನ್ನ ಮತ್ತು ನನ್ನ ತಮ್ಮನ ಹೆಸರಿನಲ್ಲಿದೆ. ಅತ್ತೆಗೆ ಅಂದು ಬರಬೇಕಾಗಿದ್ದ ಭಾಗದಲ್ಲಿ ನಮ್ಮ ಕಡೆಯದನ್ನಾದರೂ ಅವರಿಗೆ ಒಪ್ಪಿಸೋಣವೆಂದು ತಮ್ಮನಿಗೆ ಹೇಳಿದ್ದೇನೆ. ಚಿಕ್ಕಪ್ಪನ ಮಕ್ಕಳೊಡನೆ ಮಾತನಾಡುವ ಧೈರ್ಯ ಇನ್ನೂ ಬಂದಿಲ್ಲ. ತಮ್ಮ ಯೋಚನೆ ಮಾಡುತ್ತೇನೆ ಎಂದಿದ್ದಾನೆ. ಯೋಚನೆ ಮಾಡುತ್ತೇನೆಂಬುದೂ ಒಂದು ವಾಯಿದೆಯೇ; ನಾನು ಬಲ್ಲೆ.

ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಮರುವಾರ ಅವಳನ್ನು ಕರೆಸಿ ಹೇಳಿದೆ: ನಿಮ್ಮ ತಂದೆ ಹೇಳಿದ್ದು ಪೂರ್ತಿ ತಪ್ಪಲ್ಲ. ಈ ಕಸುಬಿನಲ್ಲಿ ಸುಳ್ಳು ಹೇಳದೆ ಬದುಕಬಹುದು. ಆದರೆ ನಿಜ ಹೇಳದೆಯೂ ಬದುಕಬಹುದು, ಇನ್ನೂ ಚೆನ್ನಾಗಿ ಬದುಕಬಹುದು. ಅಪಾಯವಿರುವುದು ಅಲ್ಲಿ. ಕಕ್ಷಿಗಾರನಿಗೆ ಬೇಡವೆನ್ನಬೇಕಾದಾಗ ಬೇಡವೆನ್ನುವುದು ಒಂದು ಧೈರ್ಯ. ಎದುರಿಗೆ ಕುಳಿತಿಲ್ಲದವರು ಯಾರೆಂದು ಕೇಳುವುದು ಇನ್ನೊಂದು. ಎರಡನ್ನೂ ಯಾವ ಕ್ರಮದಲ್ಲಿ, ಯಾವಾಗ ಬಳಸಬೇಕೆಂದು ಪುಸ್ತಕದಲ್ಲಿ ಬರೆದಿರುವುದಿಲ್ಲ. ಮೊದಲನೆಯದನ್ನು ಹಿರಿಯರ ಕಚೇರಿಯಲ್ಲಿ ಕಲಿಯಬಹುದು. ಎರಡನೆಯದು ನಿನಗೆ ಈಗಾಗಲೇ ಬರುತ್ತದೆ.

ಮುಂದಿನ ಯೋಜನೆಯ ಬಗ್ಗೆಯೂ ಮಾತಾಡಿದೆವು. ಆರಂಭದ ವರ್ಷಗಳಲ್ಲಿ ತಾಲ್ಲೂಕಿನ ಕಾನೂನು ಸೇವಾ ಸಮಿತಿಯ ಕೆಲಸ ಮಾಡಬಹುದು. 1987ರ ಕಾಯಿದೆಯಂತೆ ಹೆಂಗಸರಿಗೆ ವರಮಾನ ಎಷ್ಟೇ ಇರಲಿ ಪುಕ್ಕಟೆ ವಕೀಲರ ನೆರವು ಪಡೆಯುವ ಹಕ್ಕಿದೆ, ಗೊತ್ತಿರುವವರು ಕಡಿಮೆ. ಉಚ್ಚ ನ್ಯಾಯಾಲಯದ ಭಾಷೆ ಇಂಗ್ಲಿಷು, ಅದನ್ನು ಕಲಿಯದೆ ವಿಧಿಯಿಲ್ಲ. ಆದರೆ ಅತ್ತೆಯಂಥವರು ಮೊದಲು ಬಂದು ನಿಲ್ಲುವುದು ಕೆಳಗಿನ ನ್ಯಾಯಾಲಯದಲ್ಲಿ, ಅಲ್ಲಿ ನಿನ್ನ ಕನ್ನಡ ಬೇಕಾಗುತ್ತದೆ ಎಂದೆ. ಕನ್ನಡ ಓದಿದ್ದು ವ್ಯರ್ಥವಾಗುತ್ತದೆಯೇ ಎಂಬ ಅಳುಕು ಅವಳಿಗಿತ್ತು. ಬಿ.ಎಂ. ಶ್ರೀಕಂಠಯ್ಯನವರು ಬಿ.ಎಲ್. ಮಾಡಿ ವಕೀಲರಾಗದೆ ನಮ್ಮ ಕಡೆಗೆ ಬಂದದ್ದು, ಆಲೂರು ವೆಂಕಟರಾಯರು ಧಾರವಾಡದಲ್ಲಿ ವಕೀಲಿಯನ್ನು ಬಿಟ್ಟು ಕರ್ನಾಟಕದ ಏಕೀಕರಣಕ್ಕೆ ತೊಡಗಿದ್ದು ನೆನಪಿಗೆ ಬಂತು. ವಕೀಲಿಯನ್ನು ಬಿಟ್ಟವರಿಂದ ಕನ್ನಡಕ್ಕೆ ಲಾಭವಾಗಿದೆ. ಬಿಡದೆ ಇದ್ದವರಿಂದಲೂ ಆಗಿದೆ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಹುಮಾನ ಪಡೆದ ಬಾನು ಮುಷ್ತಾಕ್ ಅವರು ಹಾಸನದ ವಕೀಲರು. ಅವರ ಕತೆಗಳಲ್ಲಿ ಬರುವ ಹೆಂಗಸರು, ಯಾರ ಕಡತದಲ್ಲಿಯೂ ಹೆಸರಿಲ್ಲದವರು, ಒಬ್ಬ ವಕೀಲರ ಕಣ್ಣಿಗೆ ಬಿದ್ದದ್ದು ಆಕಸ್ಮಿಕವಲ್ಲವೆಂದು ನನ್ನ ನಂಬಿಕೆ.

‘ಅಪ್ಪನಿಗೆ ಇದನ್ನೆಲ್ಲ ನಾನು ಹೇಳಿದರೆ ಕೇಳೋಲ್ಲ, ಸಾರ್. ನೀವೇ ಒಂದು ಸಲ ಬಂದು ಹೇಳಿ’ ಎಂದಳು.

ಈ ಭಾನುವಾರ ಅವರ ಅಂಗಡಿಗೆ ಹೋಗಬೇಕಾಗಿದೆ. ಕಷ್ಟದ ಪ್ರಕರಣ, ಎದುರಿನವರ ಮಾತಿನಲ್ಲೂ ಹುರುಳಿದೆ, ಆರೇಳು ವರ್ಷದ ಖರ್ಚು ಹೊರುವವರು ಅವರು. ಆದರೂ ವಕಾಲತ್ತು ಒಪ್ಪಿಕೊಂಡಿದ್ದೇನೆ.